ಕಂಪ್ಯೂಟರ್ ಶುರುವಾಗಲು ಹದಿನಾಲ್ಕು ನಿಮಿಷ, ಫಾರ್ಮ್ಯಾಟ್ ಮಾಡಿಸಿದರೂ ಮತ್ತೆ ಅದೇ ಕಥೆ

ದಿವಾನಜಿ_ಬ್ಯಾಡಗಿ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ನಾನು ದಿವಾನಜಿ. ಕಂಪ್ಯೂಟರ್ ಅಂದರೆ ನನಗೆ ಗೊತ್ತಿರುವುದು ಟ್ಯಾಲಿ, ನುಡಿ, ಪ್ರಿಂಟ್. ಅದರಾಚೆ ಕೇಳಿದರೆ ಕೈ ಎತ್ತಿಬಿಡುತ್ತೇನೆ. ಹಾಗಾಗಿ ಉತ್ತರ ಕೊಡುವವರು ಸ್ವಲ್ಪ ಬಿಡಿಸಿ ಹೇಳಿ.

ತೊಂದರೆ ಏನಪ್ಪಾ ಅಂದರೆ, ಅಂಗಡಿಯ ಕಂಪ್ಯೂಟರ್ ಬೆಳಿಗ್ಗೆ ಎದ್ದೇಳುವುದೇ ಇಲ್ಲ ಅನ್ನುವಷ್ಟು ನಿಧಾನ. ಬಟನ್ ಒತ್ತಿ, ದೇವರಿಗೆ ಊದಿನಕಡ್ಡಿ ಹಚ್ಚಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ನಿನ್ನೆ ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆ. ಬಟನ್ ಒತ್ತಿದ್ದು 9.05ಕ್ಕೆ, ಟ್ಯಾಲಿ ತೆರೆದದ್ದು 9.19ಕ್ಕೆ. ಉಳಿದ ದಿನ ಹೇಗೋ ನಡೆಯುತ್ತದೆ, ಆದರೆ ಸೋಮವಾರ, ಗುರುವಾರ ಮಾರ್ಕೆಟ್ ಇರುತ್ತದೆ. ಬೆಳಿಗ್ಗೆಯೇ ಚೀಲದ ಆವಕ ಹಚ್ಚಬೇಕು. ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತೋ, ಮತ್ತೆ ಹದಿನಾಲ್ಕು ನಿಮಿಷ. ರೈತರು ಪಟ್ಟಿಗೆ ಕಾದು ನಿಂತಿರುತ್ತಾರೆ, ಸಾಹುಕಾರರು ನನ್ನ ಮುಖ ನೋಡುತ್ತಾರೆ, ನಾನು ಮಾನಿಟರ್ ಮುಖ ನೋಡುತ್ತೇನೆ.

ಕಂಪ್ಯೂಟರ್ 2018ರಲ್ಲಿ ತಂದದ್ದು. ಐ3, ಏಳನೇ ತಲೆಮಾರು ಅಂತ ಬಿಲ್ಲಿನಲ್ಲಿದೆ. 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಮೂರು ತಿಂಗಳ ಹಿಂದೆ ರಿಪೇರಿಯವರು ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿ ತಂದುಕೊಟ್ಟರು, ಐನೂರು ರೂಪಾಯಿ. ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಮೊದಲಿನಂತೆ. ವಿಡಿಯೋ ನೋಡಿ ಟೆಂಪ್ ಫೈಲ್ ಅಳಿಸಿದೆ, ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ 4 ಮಾಡಿದೆ, ಒಂದು ಬೂಸ್ಟರ್ ಸಾಫ್ಟ್‌ವೇರ್ ಕೂಡ ಹಾಕಿದೆ. ಅದು ದಿನಾ ಎದ್ದು "ನಿಮ್ಮ ಕಂಪ್ಯೂಟರಿನಲ್ಲಿ 1,300 ತೊಂದರೆ ಇವೆ" ಅಂತ ಹೇಳುತ್ತದೆ, ಒಂದನ್ನೂ ಸರಿ ಮಾಡುವುದಿಲ್ಲ.

ಸಾಹುಕಾರರು "ಹೊಸದು ತಂದುಬಿಡೋಣ" ಅನ್ನುತ್ತಿದ್ದಾರೆ, ಆದರೆ ಸುಗ್ಗಿ ಮುಗಿದ ಮೇಲೆ. ಅಲ್ಲಿಯವರೆಗೆ ನಾನು ಏನು ಮಾಡಲಿ?

ಸ್ಕ್ರೂಡ್ರೈವರ್_ಹುಬ್ಬಳ್ಳಿ

ದಿವಾನಜಿಯವರೇ, ಕಣ್ಣು ಮುಚ್ಚಿಕೊಂಡು ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ, ಅಂದರೆ ಚಿಪ್ಪಿನಲ್ಲೇ ಡೇಟಾ ಇಡುವ ಡಿಸ್ಕ್, ಹಾಕಿಸಿ. ನಮ್ಮ ಬೆಂಚಿಗೆ ಬರುವ "ಸ್ಲೋ ಆಗಿದೆ" ಅನ್ನುವ ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ಮದ್ದು. ಕೊಪ್ಪಿಕರ ರಸ್ತೆಯಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ.

ಯಾಕೆ ಅಂದರೆ, ಹಾರ್ಡ್‌ಡಿಸ್ಕ್ ಒಳಗೆ ಗ್ರಾಮಫೋನ್ ಥರ ತಟ್ಟೆ ತಿರುಗುತ್ತಿರುತ್ತದೆ, ಮೇಲೆ ಒಂದು ಮುಳ್ಳು ಓಡಾಡುತ್ತದೆ. 7,200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಹಾಕಲು 8 ಮಿಲಿಸೆಕೆಂಡ್ ಮೇಲೆ ಬೇಕು. ಮುಳ್ಳು ಸರಿಯಾದ ಸಾಲಿಗೆ ಹೋಗಿ, ಬೇಕಾದ ಜಾಗ ತಿರುಗಿ ಕೆಳಗೆ ಬರುವ ತನಕ ಕಾಯಬೇಕು. ವಿಂಡೋಸ್ ಶುರುವಾಗುವಾಗ ಸಣ್ಣ ಸಣ್ಣ ಫೈಲ್‌ಗಳನ್ನು ಸಾವಿರಗಟ್ಟಲೆ ಜಾಗದಿಂದ ಎತ್ತುತ್ತದೆ, ಒಂದೊಂದಕ್ಕೂ ಈ ಓಡಾಟ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ.

ಒಂದು ಮಾತು ಮಾತ್ರ ನೆನಪಿಡಿ, ಏನೇ ಮಾಡುವ ಮೊದಲು ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ತೆಗೆದಿಡಿ. ಇವತ್ತೇ. ಹೋದ ವರ್ಷ ಒಬ್ಬರು ಡಿಸ್ಕ್ ಹಾಳಾಗುತ್ತಿದ್ದಾಗ ಯಾರದೋ ಮಾತು ಕೇಳಿ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ವಿಂಡೋಸ್ ಸೌಕರ್ಯ) ಹಚ್ಚಿ ಮಲಗಿದರು. ಸಾಯುತ್ತಿರುವ ಡಿಸ್ಕಿಗೆ ರಾತ್ರಿಯಿಡೀ ಓಡುವ ಶಿಕ್ಷೆ. ಬೆಳಿಗ್ಗೆ ನೋಡಿದರೆ ಡಿಸ್ಕೇ ಕಾಣುತ್ತಿರಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಮೇಲೆ ನನ್ನ ಹತ್ತಿರ ತಂದರು.

ಅಚ್ಚುಮೊಳೆ_ಗದಗ

ನಾನು ಡಿಟಿಪಿ ಮಾಡುವವನು, ರಿಪೇರಿಯವನಲ್ಲ. ಆದರೆ ನನ್ನದೂ ಹೀಗೇ ಆಗಿತ್ತು, ಕಾರಣ ಬೇರೆಯೇ ಇತ್ತು. ಅದಕ್ಕೆ ಹೇಳುತ್ತಿದ್ದೇನೆ.

ಲಗ್ನಪತ್ರಿಕೆ ಮಾಡುವವರ ಹತ್ತಿರ ಫಾಂಟ್ ಎಷ್ಟಿರುತ್ತವೆ ಗೊತ್ತಲ್ವಾ. ಯಾರು ಸಿಡಿ ಕೊಟ್ಟರೂ ಎಲ್ಲ ಆಯ್ಕೆ ಮಾಡಿ ಇನ್‌ಸ್ಟಾಲ್ ಮಾಡಿಬಿಡುವುದು. ಹಾಗೆ ಮಾಡಿ ಮಾಡಿ ನನ್ನದರಲ್ಲಿ ನಾಲ್ಕು ಸಾವಿರದ ಮೇಲೆ ಫಾಂಟ್ ಆಗಿದ್ದವು. ಇಡೀ ವರ್ಷದಲ್ಲಿ ನಾನು ಬಳಸುವುದು ಮೂವತ್ತೂ ಇಲ್ಲ. ಉಳಿದವನ್ನು ಬೇರೆ ಫೋಲ್ಡರ್‌ಗೆ ಸರಿಸಿದ ಮೇಲೆ ಕಂಪ್ಯೂಟರ್ ಏಳುವುದೂ ಬೇಗ ಆಯಿತು, ಕೋರಲ್ ಡ್ರಾ ತೆರೆಯುವುದೂ ಬೇಗ ಆಯಿತು.

ಇನ್ನೊಂದು ಸಲ, ಹಿಂದೆ ಚುಚ್ಚಿಟ್ಟ ಎಕ್ಸ್‌ಟರ್ನಲ್ ಡಿಸ್ಕ್ ಮರೆತುಹೋಗಿತ್ತು. ಕಂಪ್ಯೂಟರ್ ಮೊದಲು ಅದರಲ್ಲಿ ವಿಂಡೋಸ್ ಇದೆಯಾ ಅಂತ ಹುಡುಕಿ, ಸಿಗದೆ, ಆಮೇಲೆ ಒಳಗಿನ ಡಿಸ್ಕಿಗೆ ಬರುತ್ತಿತ್ತು. ನಿಮ್ಮದರ ಹಿಂದೆ ಏನೇನು ಚುಚ್ಚಿದೆ ಒಮ್ಮೆ ನೋಡಿ. ಆಂಟಿವೈರಸ್ ಎರಡೆರಡು ಇದ್ದರೆ ಒಂದನ್ನು ತೆಗೆಯಿರಿ. ಆ ಬೂಸ್ಟರ್ ಅಂತೂ ಈಗಲೇ ತೆಗೆದು ಒಗೆಯಿರಿ, ಅದೇ ಒಂದು ಹೊರೆ.

ಧಾರವಾಡದಕ್ಕ

ಎಲ್ಲರೂ ಔಷಧಿ ಹೇಳುತ್ತಿದ್ದೀರಿ, ನಾಡಿ ಯಾರೂ ಹಿಡಿದಿಲ್ಲ. ಸ್ಕ್ರೂಡ್ರೈವರ್ ಅಣ್ಣಾ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಇವರು ಒಂದು ಮಾತು ಬರೆದಿದ್ದಾರೆ ನೋಡಿ, ಫಾರ್ಮ್ಯಾಟ್ ಮಾಡಿದ ಮೇಲೆ ಹದಿನೈದು ದಿನ ಚೆನ್ನಾಗಿತ್ತು ಅಂತ. ಬರೀ ಹಳೆ ಹಾರ್ಡ್‌ಡಿಸ್ಕ್ ಆಗಿದ್ದರೆ ಮೂರು ನಾಲ್ಕು ನಿಮಿಷ ಆಗಬೇಕು, ಹದಿನಾಲ್ಕು ಅಲ್ಲ. ನನಗೆ ಅದೇ ಕೊರೆಯುತ್ತಿದೆ.

ದಿವಾನಜಿಯವರೇ, ನಾಳೆ ಇಷ್ಟು ನೋಡಿ ಬರೆಯಿರಿ, ಖರ್ಚಿಲ್ಲದ ಕೆಲಸ.

ಮೊದಲು, ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಭಾಗ ಮಾಡಿ. ಬಟನ್ ಒತ್ತಿದ ಮೇಲೆ ಕಂಪನಿಯ ಚಿತ್ರ ಬಂದು ಚುಕ್ಕಿ ಸುತ್ತಲು ಶುರುವಾಗುವ ತನಕ ಎಷ್ಟು? ಚುಕ್ಕಿ ಸುತ್ತುವುದು ಎಷ್ಟು? ಡೆಸ್ಕ್‌ಟಾಪ್ ಬಂದ ಮೇಲೆ ಮೌಸ್ ಮಾತು ಕೇಳುವ ತನಕ ಎಷ್ಟು? ಚುಕ್ಕಿಗೂ ಮೊದಲೇ ತಡವಾದರೆ ದೋಷ ವಿಂಡೋಸ್‌ದಲ್ಲ, ಅದಕ್ಕಿಂತ ಕೆಳಗಿನದು. ಡೆಸ್ಕ್‌ಟಾಪ್ ಬಂದ ಮೇಲೆ ಮಾತ್ರ ತಡವಾದರೆ ತಾವಾಗಿಯೇ ಏಳುವ ಸಾಫ್ಟ್‌ವೇರ್‌ಗಳ ಗಲಾಟೆ. ಮಧ್ಯದಲ್ಲಿ ಚುಕ್ಕಿಯೇ ಸುತ್ತುತ್ತಿದ್ದರೆ ಡಿಸ್ಕ್ ಅಥವಾ ಡ್ರೈವರ್ (ಒಳಗಿನ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಕಡೆ ನೋಡಬೇಕು.

ಇದನ್ನು ರೀಸ್ಟಾರ್ಟ್ ಕೊಟ್ಟು ಅಳೆಯಿರಿ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಇದೆ. ಶಟ್‌ಡೌನ್ ಕೊಟ್ಟರೆ ಅದು ಪೂರ್ತಿ ಮಲಗುವುದಿಲ್ಲ, ಅರ್ಧ ನೆನಪನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಬುಡದಿಂದ ಏಳುತ್ತದೆ. ಒಂದು ದಿನ ಹಾಗೆ, ಒಂದು ದಿನ ಹೀಗೆ ಅಳೆದರೆ ಲೆಕ್ಕ ತಾಳೆಯಾಗುವುದಿಲ್ಲ.

ಎರಡನೆಯದು, ನಿಮ್ಮ ಮೊಬೈಲ್ ಗಡಿಯಾರಕ್ಕಿಂತ ಚೆನ್ನಾಗಿ ಕಂಪ್ಯೂಟರೇ ಬರೆದಿಟ್ಟುಕೊಂಡಿರುತ್ತದೆ. ಈವೆಂಟ್ ವ್ಯೂಯರ್ ತೆರೆಯಿರಿ, ಅದು ವಿಂಡೋಸ್‌ನ ದಿನಚರಿ ಇದ್ದಂತೆ. ಎಡಗಡೆ ಅಪ್ಲಿಕೇಶನ್ಸ್ ಅಂಡ್ ಸರ್ವೀಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರಲ್ಲಿ ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್, ಆಪರೇಷನಲ್. ಅಲ್ಲಿ 100 ಅನ್ನುವ ನಂಬರಿನ ಸಾಲು ಹುಡುಕಿ. ಶುರುವಾಗಲು ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಇರುತ್ತದೆ. 101, 102, 103 ಸಾಲುಗಳಿದ್ದರೆ ಯಾವ ಸಾಫ್ಟ್‌ವೇರ್, ಯಾವ ಡ್ರೈವರ್, ಯಾವ ಸರ್ವೀಸ್ ತಡ ಮಾಡಿತು ಅಂತ ಹೆಸರು ಸಮೇತ ಹೇಳುತ್ತವೆ. ಅಲ್ಲೇ ಮೇಲೆ ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಅಂತ ಇದೆ. ಅದರಲ್ಲಿ 7, 129, 153 ಅನ್ನುವ ಹಳದಿ ಅಥವಾ ಕೆಂಪು ಗುರುತಿನ ಸಾಲುಗಳಿದ್ದರೆ ಹೇಳಿ, ಅವು ಡಿಸ್ಕಿನ ಕಡೆಯ ದೂರುಗಳು.

ಮೂರನೆಯದು, ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ತೆರೆದು ಫೋಟೋ ಹಾಕಿ. ಬಣ್ಣವನ್ನಷ್ಟೇ ನೋಡಬೇಡಿ, 05, ಸಿ5, ಸಿ7 ಅನ್ನುವ ಮೂರು ಸಾಲು ನನಗೆ ಬೇಕು.

ಹಾಂ, ಆ ಎಂಎಸ್‌ಕಾನ್ಫಿಗ್‌ನ ಪ್ರೊಸೆಸರ್ ಟಿಕ್ ತೆಗೆಯಿರಿ. ಟಿಕ್ ಇಲ್ಲದಿದ್ದರೂ ವಿಂಡೋಸ್ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಅದು ಕಡಿಮೆ ಮಾಡಿ ಪರೀಕ್ಷೆ ಮಾಡಲು ಇಟ್ಟ ಸೌಕರ್ಯ, ವೇಗ ಹೆಚ್ಚಿಸಲು ಅಲ್ಲ. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಇದನ್ನು ಕಂಡುಹಿಡಿದು ಬಂದು ಹೇಳುತ್ತಾರೆ.

ದಿವಾನಜಿ_ಬ್ಯಾಡಗಿ

ಅಕ್ಕಾ, ನಿನ್ನೆ ಮಾರ್ಕೆಟ್ ಇತ್ತು, ತಲೆ ಎತ್ತಲು ಆಗಲಿಲ್ಲ. ಆದರೂ ಬೆಳಿಗ್ಗೆ ಒಮ್ಮೆ, ಇವತ್ತು ಒಮ್ಮೆ ನೋಡಿದೆ. ಡೇಟಾ ಎರಡು ಪೆನ್‌ಡ್ರೈವ್‌ಗೆ ತೆಗೆದಿಟ್ಟೆ, ಒಂದನ್ನು ಮನೆಗೇ ಒಯ್ದೆ. ಬೂಸ್ಟರ್ ತೆಗೆದೆ.

ಬಟನ್‌ನಿಂದ ಚುಕ್ಕಿ ಬರುವ ತನಕ ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಚುಕ್ಕಿ ಸುತ್ತಿದ್ದು ಆರೂವರೆ ನಿಮಿಷ. ಅದು ಸುಮ್ನೆ ಸುತ್ತುವುದಲ್ಲ, ಸುತ್ತುತ್ತದೆ, ನಿಂತುಬಿಡುತ್ತದೆ, ಸತ್ತೇಹೋಯಿತೇನೋ ಅಂದುಕೊಳ್ಳುವಾಗ ಮತ್ತೆ ಸುತ್ತುತ್ತದೆ. ಆಮೇಲೆ ಡೆಸ್ಕ್‌ಟಾಪ್ ಬಂದು ನಾಲ್ಕು ನಿಮಿಷ ಮೌಸ್ ಒತ್ತಿದರೂ ಕೆಲಸವಿಲ್ಲ. 100ರ ಸಾಲಿನಲ್ಲಿ 684213 ಅಂತಿದೆ, ಅಂದರೆ ಹನ್ನೊಂದು ನಿಮಿಷ ಇಪ್ಪತ್ನಾಲ್ಕು ಸೆಕೆಂಡ್. ಉಳಿದದ್ದು ಟ್ಯಾಲಿ ತೆರೆಯಲು ಹೋಗಿದ್ದು.

ಸಿಸ್ಟಮ್ ಒಳಗೆ 129 ಸಾಲು ಸಾಲಾಗಿ ಬಿದ್ದಿದೆ, ಬೆಳಿಗ್ಗೆ 9.05ರಿಂದ 9.16ರ ಒಳಗೇ ಹದಿನಾಲ್ಕು ಸಲ. 153 ಕೂಡ ಅಲ್ಲಲ್ಲಿ ಇದೆ. 7 ಒಂದೂ ಇಲ್ಲ.

ಕ್ರಿಸ್ಟಲ್ ನೋಡಿ ನನಗೆ ಖುಷಿಯಾಯಿತು. ನೀಲಿ ಬಣ್ಣ, ಗುಡ್ ಅಂತ ಬರೆದಿದೆ. 19,840 ಗಂಟೆ ಓಡಿದೆಯಂತೆ. 05ರ ಮುಂದೆ ಎಲ್ಲ ಸೊನ್ನೆ, ಸಿ5 ಮುಂದೆಯೂ ಸೊನ್ನೆ. ಸಿ7 ಮುಂದೆ ಮಾತ್ರ ನಿನ್ನೆ 4ಬಿ2, ಇವತ್ತು 4ಎಫ್7 ಅಂತಿದೆ. ಅಂಕೆಯ ಮಧ್ಯೆ ಅಕ್ಷರ ಯಾಕೆ ಬಂತು ತಿಳಿಯಲಿಲ್ಲ. ಡಿಸ್ಕ್ ಚೆನ್ನಾಗಿದೆ ಅಂತಲೇ ಅರ್ಥ ಅಲ್ವಾ?

ಧಾರವಾಡದಕ್ಕ

ಡಿಸ್ಕ್ ಚೆನ್ನಾಗಿಯೇ ಇದೆ. ಅದರ ಬಾಲ ಚೆನ್ನಾಗಿಲ್ಲ.

ಅಕ್ಷರ ಬಂದದ್ದು ಯಾಕೆ ಅಂದರೆ ಅದು ಹದಿನಾರರ ಲೆಕ್ಕ. ನಾವು ಒಂಬತ್ತಾದ ಮೇಲೆ ಹತ್ತು ಅನ್ನುತ್ತೇವೆ, ಅಲ್ಲಿ ಒಂಬತ್ತಾದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಬಂದು ಆಮೇಲೆ ದಶಕ ದಾಟುತ್ತದೆ. ಕಂಪ್ಯೂಟರಿನ ಕ್ಯಾಲ್ಕುಲೇಟರಿನಲ್ಲಿ ಪ್ರೋಗ್ರಾಮರ್ ಅಂತ ಆರಿಸಿ, ಹೆಕ್ಸ್ ಒತ್ತಿ ಬರೆದರೆ ನಮ್ಮ ಲೆಕ್ಕ ತೋರಿಸುತ್ತದೆ. 4ಬಿ2 ಅಂದರೆ 1,202. 4ಎಫ್7 ಅಂದರೆ 1,271. ಒಂದೇ ದಿನದಲ್ಲಿ 69 ಏರಿದೆ.

ಏರಿದ್ದು ಏನು ಅಂದರೆ, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಗೋದಾಮಿನಿಂದ ಲಾರಿ ಬಿಡುವಾಗ ಚೀಲ ಎಣಿಸಿ ಚೀಟಿ ಬರೆದು ಕಳಿಸುತ್ತೀರಿ. ಈ ಕಡೆ ಇಳಿಸುವವರು ಮತ್ತೆ ಎಣಿಸುತ್ತಾರೆ. ಚೀಟಿಗೂ ಚೀಲಕ್ಕೂ ತಾಳೆಯಾಗದಿದ್ದರೆ ಲಾರಿ ವಾಪಸ್, ಮತ್ತೆ ತುಂಬಿ ಕಳಿಸಬೇಕು. ಸಿ7 ಅಂದರೆ ಹೀಗೆ ವಾಪಸ್ಸಾದ ಲಾರಿಗಳ ಲೆಕ್ಕ. ಗೋದಾಮಿನಲ್ಲಿ ಮಾಲು ಕೆಟ್ಟಿದ್ದರೆ 05 ಅಥವಾ ಸಿ5 ಏರಬೇಕಿತ್ತು. ಅವು ಸೊನ್ನೆ. ಅಂದರೆ ಮಾಲು ಸರಿ ಇದೆ, ರಸ್ತೆ ಕೆಟ್ಟಿದೆ. ರಸ್ತೆ ಅಂದರೆ ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ಸಾಟಾ ಕೇಬಲ್ಲು, ಅದರ ಎರಡು ತುದಿ. ಕೆಲವು ಸಲ ಲಾರಿ ಬರುವುದೇ ಇಲ್ಲ, ಆಗ ವಿಂಡೋಸ್ ಕಾದು ಕಾದು ಡಿಸ್ಕನ್ನೇ ರೀಸೆಟ್ ಮಾಡುತ್ತದೆ. ನೀವು ಹೇಳಿದ ಹದಿನಾಲ್ಕು 129 ಅದೇ. ಚುಕ್ಕಿ ನಿಂತು ನಿಂತು ಸುತ್ತಿದ್ದೂ ಅದೇ ಹೊತ್ತಿಗೆ ಇರಬೇಕು. ಕ್ರಿಸ್ಟಲ್ ನೀಲಿ ಬಣ್ಣ ತೋರಿಸಿದ್ದು ತಪ್ಪಲ್ಲ, ಅದು ಬಣ್ಣ ಬದಲಿಸುವುದು ಮಾಲು ಕೆಟ್ಟಾಗ, ರಸ್ತೆಯ ಲೆಕ್ಕಕ್ಕೆ ಅಲ್ಲ.

ಫಾರ್ಮ್ಯಾಟ್ ಆದ ಮೇಲೆ ಹದಿನೈದು ದಿನ ಚೆನ್ನಾಗಿದ್ದದ್ದು ಯಾಕೆ ಅಂತ ನನಗೆ ಈಗ ಅಂದಾಜು ಸಿಕ್ಕಿದೆ. ಅವರು ಅಂಗಡಿಗೆ ಒಯ್ದು ಬಿಚ್ಚಿ, ಧೂಳು ಊದಿ, ಕೇಬಲ್ ತೆಗೆದು ಮತ್ತೆ ಒತ್ತಿರುತ್ತಾರೆ. ಗುಣವಾದದ್ದು ಆ ಒತ್ತುವುದರಿಂದ. ಹೆಸರು ಫಾರ್ಮ್ಯಾಟ್‌ಗೆ ಬಂತು.

ಸ್ಕ್ರೂಡ್ರೈವರ್_ಹುಬ್ಬಳ್ಳಿ

ಅಕ್ಕಾ, ಒಪ್ಪಿದೆ. ನಾನು ಹೇಳಿದಂತೆ ಎಸ್‌ಎಸ್‌ಡಿ ಹಾಕಿಸಿ ಅದೇ ಕೇಬಲ್ಲು ಚುಚ್ಚಿದ್ದರೆ ಹೊಸ ಎಸ್‌ಎಸ್‌ಡಿಯೂ ಹೀಗೇ ಒದ್ದಾಡುತ್ತಿತ್ತು, ನಾನು ಅದನ್ನು ವಾರಂಟಿಗೆ ಕಳಿಸುತ್ತಿದ್ದೆ. ಹಾಗೆ ಒಮ್ಮೆ ಕಳಿಸಿಯೂ ಇದ್ದೇನೆ, ಬಿಡಿ.

ದಿವಾನಜಿಯವರೇ, ಕೇಬಲ್ ಬದಲಿಸುವುದು ನಿಮ್ಮ ಕೈಯಲ್ಲೇ ಆಗುತ್ತದೆ. ಕರೆಂಟ್ ವೈರ್ ಪೂರ್ತಿ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದದ್ದು ಹರಿದು ಹೋಗಲಿ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ. ಎಡಗಡೆಯ ಬಾಗಿಲಿಗೆ ಹಿಂದೆ ಎರಡು ಸ್ಕ್ರೂ. ಡಿಸ್ಕಿಗೆ ಎರಡು ವೈರ್ ಬಂದಿರುತ್ತವೆ. ಅಗಲವಾದದ್ದು ಕರೆಂಟಿನದು, ಸಣ್ಣದು ಚಪ್ಪಟೆಯದು ಡೇಟಾದ್ದು. ಸಣ್ಣದನ್ನು ಬದಲಿಸಿ. ತೆಗೆದುಕೊಳ್ಳುವಾಗ ತುದಿಯಲ್ಲಿ ಕಬ್ಬಿಣದ ಕ್ಲಿಪ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಒತ್ತಿದರೆ ಟಿಕ್ ಅನ್ನಬೇಕು. ಮದರ್‌ಬೋರ್ಡ್ ಕಡೆ ಪಕ್ಕದ ಇನ್ನೊಂದು ಕಿಂಡಿ ಖಾಲಿ ಇದ್ದರೆ ಅದಕ್ಕೇ ಹಾಕಿ, ಹಳೆ ಕಿಂಡಿ ಸಡಿಲವಾಗಿದ್ದರೆ ಅದೂ ತಪ್ಪುತ್ತದೆ.

ಧೂಳು ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಬ್ಲೋವರ್ ಇದ್ದರೆ ಹೊರಗೆ ಒಯ್ದು ಊದಿ, ಫ್ಯಾನ್ ತಿರುಗದಂತೆ ಬೆರಳು ಇಟ್ಟುಕೊಳ್ಳಿ. ಕರೆಂಟಿನ ಡಬ್ಬಿ, ಅದೇ ಎಸ್‌ಎಂಪಿಎಸ್, ಅದನ್ನು ಮಾತ್ರ ಬಿಚ್ಚಬೇಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ನಿಮ್ಮ ಊರಿನ ಕಂಪ್ಯೂಟರ್ ನಮ್ಮ ಬೆಂಚಿಗೆ ಬಂದರೆ ಇಡೀ ಅಂಗಡಿ ಸೀನುತ್ತದೆ.

ಏಲಕ್ಕಿ_ಹಾವೇರಿ

ಇಷ್ಟೆಲ್ಲ ಒದ್ದಾಟ ಯಾಕೆ? ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಏಳನೇ ತಲೆಮಾರಿನ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಕೂರುವುದೂ ಇಲ್ಲ, ಎಂಟನೇ ತಲೆಮಾರು ಬೇಕು. ಮೂಗಿಗಿಂತ ಮೂಗುತಿ ಭಾರ ಆಗುವ ಮೊದಲು ಹೊಸದು ತೆಗೆದುಕೊಳ್ಳಿ.

ಧಾರವಾಡದಕ್ಕ

ಬೆಂಬಲದ ಮಾತು ನಿಜ. ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡುತ್ತಿದ್ದರೆ ಹೊಸದರ ಯೋಚನೆ ಮಾಡಲೇಬೇಕು. ಆದರೆ ಅವರು ಸುಗ್ಗಿ ಮುಗಿದ ಮೇಲೆ ಅಂದಿದ್ದಾರಲ್ಲ. ಮೂಗುತಿಯ ಬೆಲೆ ಒಂದು ಕೇಬಲ್ಲು, ಮೊದಲು ಅದನ್ನು ಹಾಕಿ ನೋಡಲಿ.

ದಿವಾನಜಿ_ಬ್ಯಾಡಗಿ

ಆಯಿತು. ಬಿಚ್ಚಿದೆ. ಬರೆಯುತ್ತೇನೆ ಕೇಳಿ.

ಕೇಬಲ್ ಹಾವೇರಿಯಿಂದ ತರಿಸಿದೆ, 80 ರೂಪಾಯಿ, ಕ್ಲಿಪ್ ಇರುವುದೇ. ಮಾರ್ಕೆಟ್ ಇಲ್ಲದ ದಿನ ಮಧ್ಯಾಹ್ನ ಕ್ಯಾಬಿನೆಟ್ಟನ್ನು ಹಿಂದಿನ ಕಟ್ಟೆಗೆ ಒಯ್ದೆ. ಬಾಗಿಲು ತೆಗೆದರೆ ಒಳಗೆ ಎಲ್ಲ ಕೆಂಪು. ಧೂಳು ಅಂದರೆ ಬೂದಿ ಬಣ್ಣ ಇರುತ್ತದೆ ಅಂದುಕೊಂಡಿದ್ದೆ. ಇದು ಕುಂಕುಮದ ಬಟ್ಟಲು ಚೆಲ್ಲಿದಂತೆ, ಫ್ಯಾನಿನ ರೆಕ್ಕೆಗಳ ಅಂಚಿಗೆ ದಪ್ಪಗೆ ಮೆತ್ತಿಕೊಂಡಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಗಿರಾಕಿಗಳಿಗೆ ಹಾಗೇ ಹೇಳುತ್ತೇನೆ. ಬ್ಲೋವರ್ ಹಚ್ಚಿದ ಮೇಲೆ ನಾನು, ಇಬ್ಬರು ಹಮಾಲರು, ಪಕ್ಕದ ಅಂಗಡಿಯವರು ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಾ ಹತ್ತು ನಿಮಿಷ ರಸ್ತೆಯಲ್ಲಿ ನಿಂತಿದ್ದೆವು.

ಈಗ ಕೇಬಲ್ಲಿನ ವಿಷಯ. ಅದನ್ನು ಕಿತ್ತುಕೊಳ್ಳಬೇಕಾಗಲೇ ಇಲ್ಲ. ಡಿಸ್ಕ್ ಕಡೆಯ ತುದಿಗೆ ಬೆರಳು ತಾಗಿಸಿದೆ, ಅಷ್ಟಕ್ಕೇ ಕೈಗೆ ಬಂತು. ಕ್ಲಿಪ್ ಇಲ್ಲದ ಹಳೆ ಥರದ್ದು. ಬಾಗಿಲು ಮುಚ್ಚಿದಾಗ ಬಾಗಿಲೇ ಆ ವೈರನ್ನು ಒತ್ತಿ ಬಗ್ಗಿಸುತ್ತಿತ್ತು ಅನ್ನಿಸುತ್ತದೆ, ಅಲ್ಲಿ ಒಂದು ಮಡಿಕೆಯ ಗುರುತೇ ಬಿದ್ದಿದೆ. ಕ್ಯಾಬಿನೆಟ್ ಇಟ್ಟಿರುವುದು ನನ್ನ ಮೇಜಿನ ಕೆಳಗೆ, ಮೇಜಿನ ಆಚೆಗೇ ಚೀಲ ಇಳಿಸುತ್ತಾರೆ. ಒಂದೊಂದು ಚೀಲ ಧೊಪ್ಪೆಂದು ಬಿದ್ದಾಗಲೂ ನನ್ನ ಚಹಾದ ಕಪ್ಪು ಅಲ್ಲಾಡುತ್ತದೆ. ಕೇಬಲ್ಲೂ ಅಲ್ಲಾಡಿ ಅಲ್ಲಾಡಿ ಹೊರಗೆ ಬಂದಿರಬೇಕು. ಚೀಲ ಬೀಳುವುದನ್ನು ದಿನಾ ನೋಡುತ್ತಿದ್ದೆ, ಎರಡಕ್ಕೂ ಗಂಟು ಹಾಕಲಿಲ್ಲ.

ಹೊಸದು ಹಾಕಿ, ಬಾಗಿಲಿಗೆ ತಾಗದಂತೆ ಕೆಳಗಿನಿಂದ ಸುತ್ತಿಸಿ, ರೀಸ್ಟಾರ್ಟ್ ಕೊಟ್ಟೆ. 100ರ ಸಾಲಿನಲ್ಲಿ 231060. ಮೂರು ನಿಮಿಷ ಐವತ್ತೊಂದು ಸೆಕೆಂಡ್! 129 ಒಂದೂ ಇಲ್ಲ. ಆದರೆ ಸಿ7 ಮಾತ್ರ ಕೇಬಲ್ ಬದಲಿಸುವ ಮೊದಲು ಎಷ್ಟಿತ್ತೋ ಅಷ್ಟೇ ಇದೆ, ಸೊನ್ನೆ ಆಗಲಿಲ್ಲ. ಏನಾದರೂ ತಪ್ಪಿದೆಯಾ?

ಧಾರವಾಡದಕ್ಕ

ತಪ್ಪಿಲ್ಲ. ಅದು ಲಾರಿಯ ಕಿಲೋಮೀಟರ್ ಮೀಟರ್ ಇದ್ದಂತೆ, ಹಿಂದಕ್ಕೆ ಹೋಗುವುದಿಲ್ಲ. ಮುಂದಕ್ಕೆ ಹೋಗದೆ ನಿಂತರೆ ಸಾಕು. ವಾರಕ್ಕೊಮ್ಮೆ ನೋಡಿ. ಏರಿದರೆ ಕಿಂಡಿ ಬದಲಿಸಿ.

ಈಗ ಉಳಿದಿರುವ ನಾಲ್ಕು ನಿಮಿಷ ಇದೆಯಲ್ಲ, ಅದು ಸ್ಕ್ರೂಡ್ರೈವರ್ ಅಣ್ಣ ಮೊದಲೇ ಹೇಳಿದ ಕಾಯಿಲೆ, ಹಳೆ ಡಿಸ್ಕು. ಅದರ ಜೊತೆಗೆ 4 ಜಿಬಿ ರ್‍ಯಾಮ್. ವಿಂಡೋಸ್ 10, ಆಂಟಿವೈರಸ್, ಟ್ಯಾಲಿ, ಬ್ರೌಸರ್ ನಾಲ್ಕೂ ಸೇರಿದರೆ 4 ಜಿಬಿ ಸಾಲದು. ಜಾಗ ಸಾಲದಾಗ ವಿಂಡೋಸ್ ರ್‍ಯಾಮಿನಲ್ಲಿ ಇದ್ದದ್ದನ್ನು ಡಿಸ್ಕಿಗೆ ಬರೆದು ಬರೆದು ತೆಗೆಯುತ್ತದೆ, ಡಿಸ್ಕು ಮತ್ತೆ ಓಡಾಡುತ್ತದೆ.

ಸ್ಕ್ರೂಡ್ರೈವರ್_ಹುಬ್ಬಳ್ಳಿ

ಮೂರು ನಿಮಿಷ ಐವತ್ತೊಂದು ಸೆಕೆಂಡ್ ಅಂದರೆ ಹಳೆ ಡಿಸ್ಕಿಗೆ ಮಾಮೂಲು. ಸಾಹುಕಾರರು ಹೊಸದು ತರುವುದು ತಡವಾಗುತ್ತದೆ ಅಂದರೆ 256 ಜಿಬಿ ಎಸ್‌ಎಸ್‌ಡಿ ಒಂದು ಹಾಕಿಸಿ. ಮುಂದೆ ಕಂಪ್ಯೂಟರ್ ಬದಲಿಸಿದರೂ ಅದು ಬೇರೆ ಕಡೆ ಕೆಲಸಕ್ಕೆ ಬರುತ್ತದೆ, ವ್ಯರ್ಥವಲ್ಲ. ರ್‍ಯಾಮ್ ಇನ್ನೊಂದು 4 ಜಿಬಿ, ಹಳೆಯದು ಸಿಕ್ಕರೂ ಸಾಕು, ಆದರೆ ನಿಮ್ಮ ಬೋರ್ಡಿಗೆ ಯಾವ ಥರದ್ದು ಬೇಕು ಅಂತ ಹಳೆ ಕಡ್ಡಿಯನ್ನೇ ಒಯ್ದು ತೋರಿಸಿ.

ಹಳೆ ಡಿಸ್ಕನ್ನು ಎಸ್‌ಎಸ್‌ಡಿಗೆ ಹಾಗೇ ನಕಲು ಮಾಡಬೇಡಿ. 1 ಟಿಬಿಯದನ್ನು 256ಕ್ಕೆ ಇಳಿಸುವುದು ತಲೆನೋವು, ನಕಲು ಮಾಡುವ ಕ್ಲೋನ್‌ಜಿಲ್ಲಾ ಸಾಫ್ಟ್‌ವೇರ್ ಚಿಕ್ಕ ಡಿಸ್ಕ್ ಕಂಡರೆ ಸಾಮಾನ್ಯವಾಗಿ ಆಗುವುದಿಲ್ಲ ಅನ್ನುತ್ತದೆ. ಹೊಸದಾಗಿ ವಿಂಡೋಸ್ ಹಾಕಿ. ಅದೇ ಮದರ್‌ಬೋರ್ಡ್ ಇರುವುದರಿಂದ, ಮೊದಲು ಆಕ್ಟಿವೇಟ್ ಆಗಿದ್ದರೆ, ಇಂಟರ್ನೆಟ್‌ಗೆ ಸೇರಿಸಿದಾಗ ತಾನಾಗಿಯೇ ಗುರುತು ಹಿಡಿಯುತ್ತದೆ. ಟ್ಯಾಲಿ ಲೈಸೆನ್ಸನ್ನು ಮಾತ್ರ ಹಳೆ ಡಿಸ್ಕಿನಲ್ಲಿ ಇರುವಾಗಲೇ ಸರೆಂಡರ್ ಮಾಡಿ, ಅಂದರೆ ವಾಪಸ್ ಒಪ್ಪಿಸಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಇದನ್ನು ಮರೆತು ಗುರುವಾರ ಬೆಳಿಗ್ಗೆ ನನಗೆ ಫೋನ್ ಮಾಡಬೇಡಿ.

ಅಚ್ಚುಮೊಳೆ_ಗದಗ

ಇದನ್ನೆಲ್ಲ ಓದಿ ನಾನೂ ಕ್ರಿಸ್ಟಲ್ ಹಾಕಿ ನೋಡಿದೆ. ನನ್ನದರಲ್ಲಿ ಹಳದಿ ಬಂದಿದೆ, ಸಿ5 ಮುಂದೆ 18 ಅಂತಿದೆ. ಹೆಕ್ಸ್ ಲೆಕ್ಕದಲ್ಲಿ 24. ಇದೂ ಕೇಬಲ್ಲೇ ಅಲ್ವಾ?

ಧಾರವಾಡದಕ್ಕ

ಅಲ್ಲ. ನಿಮ್ಮದು ಮಾಲೇ ಕೆಡುತ್ತಿದೆ. ಓದಲು ಆಗದೆ ಅನುಮಾನಕ್ಕೆ ಬಿದ್ದ ಜಾಗಗಳು 24. ಇದನ್ನು ಓದುತ್ತಿದ್ದಂತೆಯೇ ಎದ್ದು ನಿಮ್ಮ ಕೋರಲ್ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ತೆಗೆಯಿರಿ, ಮುಖ್ಯವಾದವು ಮೊದಲು. ಚೆಕ್‌ಡಿಸ್ಕ್ ಹಚ್ಚಬೇಡಿ.

ದಿವಾನಜಿ_ಬ್ಯಾಡಗಿ

ಹತ್ತು ದಿನ ಆಯಿತು. ಸಾಹುಕಾರರು ಎಸ್‌ಎಸ್‌ಡಿಗೂ ರ್‍ಯಾಮಿಗೂ ಒಪ್ಪಿದರು. ಲೈಸೆನ್ಸ್ ಮೊದಲೇ ಸರೆಂಡರ್ ಮಾಡಿದೆ, ಸ್ಕ್ರೂಡ್ರೈವರ್ ಅಣ್ಣಾ, ನಿಮಗೆ ಫೋನ್ ಬರುವುದಿಲ್ಲ. ಈಗ 100ರ ಸಾಲು ಹುಡುಕಿದರೆ 38 ಸೆಕೆಂಡ್. ಊದಿನಕಡ್ಡಿ ಹಚ್ಚುವಷ್ಟರಲ್ಲಿ ಟ್ಯಾಲಿ ತೆರೆದಿರುತ್ತದೆ, ಚಹಾಕ್ಕೆ ಹೋಗಲು ನೆಪ ಉಳಿದಿಲ್ಲ. ಕ್ಯಾಬಿನೆಟ್ ಮೇಜಿನ ಕೆಳಗಿನಿಂದ ತೆಗೆದು ಗೋಡೆಯ ಹಲಗೆಯ ಮೇಲೆ ಇಟ್ಟಿದ್ದೇನೆ.

ಆದರೆ ಒಂದು ಎಡವಟ್ಟಾಗಿದೆ. ನಾನು ಬಿಚ್ಚಿ ಸರಿ ಮಾಡಿದೆ ಅಂತ ಗೊತ್ತಾಗಿ ಸಾಹುಕಾರರು ಗೋದಾಮಿನ ಹಳೆ ಕಂಪ್ಯೂಟರನ್ನೂ ತಂದು ನನ್ನ ಮುಂದೆ ಇಟ್ಟಿದ್ದಾರೆ. ಅದು ಶುರುವಾಗುವಾಗ ಪ್ರತಿ ಸಲ ಎಫ್1 ಒತ್ತು ಅನ್ನುತ್ತದೆ. ಒತ್ತಿದರೆ ಏಳುತ್ತದೆ, ತಾರೀಖು ಮಾತ್ರ 2012 ತೋರಿಸುತ್ತದೆ, ಯಾವ ವೆಬ್‌ಸೈಟೂ ತೆರೆಯುವುದಿಲ್ಲ.

ಸ್ಕ್ರೂಡ್ರೈವರ್_ಹುಬ್ಬಳ್ಳಿ

ಸೆಲ್ ಮುಗಿದಿದೆ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಗುಂಡು ಸೆಲ್ ಇರುತ್ತದೆ, ಸಿಆರ್2032, 3 ವೋಲ್ಟ್, ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಬರೆದಿರುವ ಕಡೆ ಮೇಲೆ. ಹಾಕಿದ ಮೇಲೆ ಒಮ್ಮೆ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್‌ಗೆ) ಹೋಗಿ ತಾರೀಖು ಸರಿ ಮಾಡಿ ಉಳಿಸಿ, ಆಮೇಲೆ ವೆಬ್‌ಸೈಟ್ ತಾವಾಗಿಯೇ ತೆರೆಯುತ್ತವೆ. ಬಿಚ್ಚುವಾಗ ಮುಖಕ್ಕೆ ಬಟ್ಟೆ.